ಚೀಟಿ ಎತ್ತಿ ಕೂರಿಸಿದ ಜನ, ಉತ್ತರ ಕೊಡಬೇಕಾದ ಸರ್ಕಾರ

ಎರಡು ಪ್ರಯೋಗಗಳಿಂದ ಶುರುಮಾಡುತ್ತೇನೆ. ಎರಡರಲ್ಲೂ ನಡೆದದ್ದು ಒಂದೇ: ನಾಲ್ಕಾರು ಜನ ಒಟ್ಟಿಗೆ ಕೂತು ಮಾತಾಡಿದರು. ಫಲ ಮಾತ್ರ ಒಂದಕ್ಕೊಂದು ಉಲ್ಟಾ.

ಮೊದಲನೆಯದು 2005ರದ್ದು, ಅಮೆರಿಕದ ಕೊಲರಾಡೊ ರಾಜ್ಯದ್ದು. ಅಲ್ಲಿನ ಬೋಲ್ಡರ್ ಎಂಬ ಊರಿನಲ್ಲಿ ಉದಾರವಾದಿಗಳು ಜಾಸ್ತಿ. ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಸಂಪ್ರದಾಯವಾದಿಗಳು ಜಾಸ್ತಿ. ಸಂಶೋಧಕರು ಬೋಲ್ಡರ್‌ನವರನ್ನು ಬೋಲ್ಡರ್‌ನವರ ಜೊತೆಗೇ, ಸ್ಪ್ರಿಂಗ್ಸ್‌ನವರನ್ನು ಸ್ಪ್ರಿಂಗ್ಸ್‌ನವರ ಜೊತೆಗೇ ಸಣ್ಣ ಗುಂಪುಗಳಲ್ಲಿ ಕೂರಿಸಿದರು. ಹವಾಮಾನ ಒಪ್ಪಂದಕ್ಕೆ ಸಹಿ ಹಾಕಬೇಕೆ, ಸಲಿಂಗಿ ಜೋಡಿಗಳಿಗೆ ಕಾನೂನಿನ ಮಾನ್ಯತೆ ಕೊಡಬೇಕೆ ಎಂಬಂಥ ವಿಷಯ ಕೊಟ್ಟು ಮಾತಾಡಿ ಎಂದರು. ಮಾತಿಗೆ ಮುಂಚೆ ಒಮ್ಮೆ, ಮಾತು ಮುಗಿದ ಮೇಲೆ ಒಮ್ಮೆ, ಪ್ರತಿಯೊಬ್ಬರ ಅಭಿಪ್ರಾಯವನ್ನೂ ಗುಟ್ಟಾಗಿ ಬರೆಸಿಕೊಂಡರು. ಬೋಲ್ಡರ್‌ನವರು ಇನ್ನಷ್ಟು ಎಡಕ್ಕೆ ವಾಲಿದ್ದರು. ಸ್ಪ್ರಿಂಗ್ಸ್‌ನವರು ಇನ್ನಷ್ಟು ಬಲಕ್ಕೆ ವಾಲಿದ್ದರು. ಗುಂಪಿನೊಳಗೆ ಮೊದಲಿದ್ದ ಸಣ್ಣಪುಟ್ಟ ಭಿನ್ನಾಭಿಪ್ರಾಯವೂ ಕರಗಿಹೋಗಿತ್ತು.

ಎರಡನೆಯದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನದ್ದು. ಒಂದು ದೊಡ್ಡ ಕಾರ್ಯಕ್ರಮಕ್ಕೆ ಬಂದಿದ್ದ 5,180 ಜನರಿಗೆ ಕಾಗದ, ಪೆನ್ನು ಕೊಟ್ಟರು. ಐಫೆಲ್ ಗೋಪುರ ಎಷ್ಟು ಎತ್ತರ ಇದೆ ಎಂಬಂಥ ಪ್ರಶ್ನೆ ಕೇಳಿದರು. ಮೊದಲು ಒಬ್ಬೊಬ್ಬರೂ ತಮ್ಮಷ್ಟಕ್ಕೆ ಅಂದಾಜು ಬರೆಯಬೇಕು. ಆಮೇಲೆ ಅಕ್ಕಪಕ್ಕದ ಐದು ಜನ ಸೇರಿ, ಸ್ವಲ್ಪ ಹೊತ್ತು ಮಾತಾಡಿ, ಒಂದು ಉತ್ತರಕ್ಕೆ ಬರಬೇಕು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಮಾತಾಡಿಕೊಂಡ ಬರೀ ನಾಲ್ಕು ಗುಂಪುಗಳ, ಅಂದರೆ 20 ಜನರ ಉತ್ತರದ ಸರಾಸರಿ ನಿಜಕ್ಕೆ ಜಾಸ್ತಿ ಹತ್ತಿರವಿತ್ತು. ಒಬ್ಬೊಬ್ಬರೇ ಬರೆದ 1,400 ಜನರ ಸರಾಸರಿ ಅಷ್ಟು ಹತ್ತಿರ ಬಂದಿರಲಿಲ್ಲ.

ಅದೇ ಮಾತುಕತೆ ಒಂದು ಕಡೆ ಜನರ ಹಟವನ್ನು ಗಟ್ಟಿಮಾಡಿತು. ಇನ್ನೊಂದು ಕಡೆ ಅವರ ಬುದ್ಧಿಯನ್ನು ಚುರುಕು ಮಾಡಿತು.

ಪ್ರಜಾಪ್ರಭುತ್ವಕ್ಕೆ ಮತ್ತೆ ಜೀವ ತುಂಬಬೇಕು, ಜನ ಕೂತು ಮಾತಾಡಬೇಕು, ಎಲ್ಲರ ವಿವೇಕ ಒಟ್ಟಾಗಬೇಕು ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಕಾರಣವೂ ಇದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ವಿ-ಡೆಮ್ ಸಂಸ್ಥೆ ಪ್ರತಿ ವರ್ಷ ದೇಶಗಳ ಪ್ರಜಾಪ್ರಭುತ್ವವನ್ನು ಅಳೆಯುತ್ತದೆ. ಅದರ 2025ರ ವರದಿ ಪ್ರಕಾರ ಪ್ರಜಾಪ್ರಭುತ್ವ ಇರುವ ದೇಶಗಳು 88, ಇಲ್ಲದವು 91. ಎರಡು ದಶಕಗಳಲ್ಲಿ ಮೊದಲ ಸಲ ತಕ್ಕಡಿ ಆ ಕಡೆ ವಾಲಿದೆ. ಚುನಾವಣೆ ನಡೆಯುತ್ತಿರುವ ಕಡೆಯೂ ಜನರಿಗೆ ತಮ್ಮ ಮಾತು ಎಲ್ಲಿಗೂ ಮುಟ್ಟುವುದಿಲ್ಲ ಎನ್ನಿಸುತ್ತಿದೆ. ಐದು ವರ್ಷಕ್ಕೊಮ್ಮೆ ಮತ ಹಾಕುವುದು, ನಡುವೆ ಸಿಟ್ಟು ಮಾಡಿಕೊಳ್ಳುವುದು. ಬಹಳ ಜನರಿಗೆ ಪ್ರಜಾಪ್ರಭುತ್ವ ಅಂದರೆ ಇಷ್ಟೇ ಆಗಿದೆ.

ಹಾಗಿರುವಾಗ "ಮಾತಾಡೋಣ ಬನ್ನಿ" ಎಂಬ ಕರೆ ಹಿತವಾಗಿ ಕೇಳಿಸುತ್ತದೆ. ಆದರೆ ಕೊಲರಾಡೊ ಪ್ರಯೋಗ ಹೇಳುವುದನ್ನು ಮರೆಯಬಾರದು. ಒಂದೇ ಅಭಿಪ್ರಾಯದವರು ಎಷ್ಟು ಮಾತಾಡಿದರೂ ಮೊದಲಿದ್ದ ನಂಬಿಕೆಯೇ ಇನ್ನಷ್ಟು ಗಟ್ಟಿಯಾಗುತ್ತದೆ. ಮೊಬೈಲ್ ತೆರೆದರೆ ನಾವೆಲ್ಲ ದಿನಾ ಮಾಡುವುದು ಅದನ್ನೇ ಅಲ್ವಾ? ಜನಸಮೂಹ ಅಂದಮಾತ್ರಕ್ಕೆ ಅಲ್ಲಿ ವಿವೇಕ ಇರುವುದಿಲ್ಲ. ಯಾರು ಕೂತಿದ್ದಾರೆ, ಏನನ್ನು ಕೇಳಿಸಿಕೊಂಡಿದ್ದಾರೆ, ಹೇಗೆ ಮಾತಾಡಿದ್ದಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಇದಕ್ಕಿಂತ ದೊಡ್ಡದು ಇನ್ನೊಂದಿದೆ: ಅವರು ಹೇಳಿದ್ದಕ್ಕೆ ಉತ್ತರ ಕೊಡುವ ಕರ್ತವ್ಯ ಯಾರಿಗಿದೆ?

ಗುಂಪಿನ ಬುದ್ಧಿಯ ಬಗ್ಗೆ ಬರೆಯುವವರೆಲ್ಲ ಹೇಳುವ ಒಂದು ಹಳೆಯ ಪ್ರಸಂಗವಿದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ತೂಕ ಊಹಿಸುವ ಸ್ಪರ್ಧೆ ಇತ್ತು. ಓದಲು ಬರುವಂಥ 787 ಚೀಟಿಗಳನ್ನು ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ ತೆಗೆದುಕೊಂಡು ಲೆಕ್ಕ ಹಾಕಿದ. ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬಂದ ಊಹೆ 1,207 ಪೌಂಡ್. ಎತ್ತಿನ ಮಾಂಸದ ನಿಜವಾದ ತೂಕ 1,198 ಪೌಂಡ್. ವ್ಯತ್ಯಾಸ ಶೇ 1ಕ್ಕೂ ಕಡಿಮೆ. ಗಾಲ್ಟನ್‌ಗೆ ಸಾಮಾನ್ಯ ಜನರ ಬಗ್ಗೆ ಅಂಥ ಗೌರವವೇನೂ ಇರಲಿಲ್ಲ. ಮನುಷ್ಯರಲ್ಲಿ ಮೇಲು ಕೀಳು ತಳಿ ಇದೆ ಎಂದು ನಂಬಿದವನು ಅವನು. ಆದರೂ ಲೆಕ್ಕ ತೋರಿಸಿದ್ದನ್ನು ಮುಚ್ಚಿಡದೆ 1907ರಲ್ಲಿ ಪ್ರಕಟಿಸಿದ.

ಆದರೆ ಎತ್ತಿನ ತೂಕಕ್ಕೆ ಒಂದೇ ಸರಿ ಉತ್ತರ ಇರುತ್ತದೆ. ತಕ್ಕಡಿ ತೀರ್ಪು ಕೊಡುತ್ತದೆ. ಗರ್ಭಪಾತ ಕಾನೂನುಬದ್ಧ ಆಗಬೇಕೆ, ಅರ್ಧ ಕಟ್ಟಿದ ಅಣುಸ್ಥಾವರವನ್ನು ಮುಗಿಸಬೇಕೆ ಎಂಬ ಪ್ರಶ್ನೆಗೆ ತಕ್ಕಡಿ ಇಲ್ಲ. ಅಲ್ಲಿ ಅಂಕಿಅಂಶವೂ ಬೇಕು, ಅನುಭವವೂ ಬೇಕು, ಯಾವುದು ಮುಖ್ಯ ಎಂಬ ತೀರ್ಮಾನವೂ ಬೇಕು. ತಜ್ಞರಿಗೆ ಮೊದಲನೆಯದು ಗೊತ್ತು. ಎರಡನೆಯದು ಬದುಕಿದವರಿಗೆ ಗೊತ್ತು. ಗಾಲಿ ಕುರ್ಚಿಯಲ್ಲಿ ಓಡಾಡುವವರಿಗೆ ಗೊತ್ತಿರುವ ಮೆಟ್ಟಿಲಿನ ಎತ್ತರ, ಆ ಕಟ್ಟಡದ ನಕ್ಷೆ ಬರೆದವರಿಗೆ ಹೊಳೆದಿರುವುದಿಲ್ಲ. ಮೂರನೆಯದು, ಯಾವುದು ಮುಖ್ಯ ಎಂಬುದು, ಯಾರೊಬ್ಬರ ಸ್ವತ್ತೂ ಅಲ್ಲ. ಇವು ಮೂರೂ ಒಂದೇ ಮೇಜಿಗೆ ಬರಬೇಕು. ಅದಕ್ಕೆ ಯಾರನ್ನು ಕರೆಯುವುದು?

ಇದಕ್ಕೆ ಹಳೆಯ ಕಾಲದ ಉತ್ತರ: ಚೀಟಿ ಎತ್ತಿ.

ಕ್ರಿಸ್ತಪೂರ್ವದ ಅಥೆನ್ಸ್‌ನಲ್ಲಿ ಐನೂರು ಜನರ ಮಂಡಳಿ ಇತ್ತು. ಹತ್ತು ಕುಲಗಳಿಂದ ತಲಾ 50 ಜನ. ಎಲ್ಲರೂ ಚೀಟಿಯಿಂದ ಆರಿಸಲಾದವರು. ಒಬ್ಬ ಮನುಷ್ಯ ಜೀವಮಾನದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಆ ಮಂಡಳಿಯಲ್ಲಿ ಕೂರುವಂತಿರಲಿಲ್ಲ. ನ್ಯಾಯಾಲಯಗಳಿಗೆ ಜನರನ್ನು ಆರಿಸಲು ಒಂದು ಕಲ್ಲಿನ ಯಂತ್ರವೇ ಇತ್ತು. ಆಳೆತ್ತರದ ಚಪ್ಪಡಿ, ಅದರ ತುಂಬಾ ಸಾಲುಸಾಲಾಗಿ ಕೊರೆದ ಸಣ್ಣ ಸಂದುಗಳು. ನಾಗರಿಕರು ತಮ್ಮ ಹೆಸರು ಕೊರೆದ ತಗಡನ್ನು ತಂದು ಕೊಟ್ಟರೆ ಅದನ್ನು ಒಂದೊಂದು ಸಂದಿಗೆ ಸಿಕ್ಕಿಸುತ್ತಿದ್ದರು. ಪಕ್ಕದಲ್ಲಿ ಒಂದು ಕೊಳವೆ. ಅದಕ್ಕೆ ಬಿಳಿ, ಕಪ್ಪು ಗುಂಡುಗಳನ್ನು ಸುರಿದು ಕೆಳಗಿನಿಂದ ಒಂದೊಂದೇ ಬಿಡುವುದು. ಬಿಳಿ ಗುಂಡು ಬಿದ್ದರೆ ಆ ಸಾಲಿನವರೆಲ್ಲ ಇವತ್ತಿನ ಕೆಲಸಕ್ಕೆ. ಕಪ್ಪು ಬಿದ್ದರೆ ಆ ಸಾಲಿನವರು ಮನೆಗೆ. ಎಲ್ಲರ ಕಣ್ಣೆದುರೇ ಆಗುತ್ತಿತ್ತು. ಲಂಚ ಕೊಡುವವನಿಗೆ ಯಾರಿಗೆ ಕೊಡಬೇಕು ಎಂದು ಮುಂಚೆ ತಿಳಿಯುತ್ತಿರಲಿಲ್ಲ. ಚೀಟಿಯಿಂದ ಆರಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಚುನಾವಣೆ ಕೆಲವರ ಆಳ್ವಿಕೆಯ ಲಕ್ಷಣ ಎಂದು ಅರಿಸ್ಟಾಟಲ್ ಬರೆದಿದ್ದಾನೆ. ಇವತ್ತಿನ ನಮಗೆ ವಿಚಿತ್ರ ಅನ್ನಿಸುತ್ತದೆ. ಆ ಕಾಲಕ್ಕೆ ಅದು ಸಾಮಾನ್ಯ ತಿಳಿವಳಿಕೆ.

ತಮಿಳುನಾಡಿನ ಉತ್ತರಮೇರೂರು ಎಂಬ ಊರಿನ ಹತ್ತನೇ ಶತಮಾನದ ಶಾಸನಗಳಲ್ಲೂ ಇದೇ ಪದ್ಧತಿ ಇದೆ. ಚೋಳ ದೊರೆ ಮೊದಲನೇ ಪರಾಂತಕನ ಕಾಲದವು ಅವು. ಓಲೆಗರಿಯ ಮೇಲೆ ಹೆಸರು ಬರೆದು ಕೊಡಕ್ಕೆ ಹಾಕಬೇಕು. ಏನೂ ಅರಿಯದ ಒಬ್ಬ ಹುಡುಗನ ಕೈಯಿಂದ ಎತ್ತಿಸಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವರು ಮತ್ತು ಅವರ ನೆಂಟರು ಹೆಸರು ಕೊಡುವಂತಿಲ್ಲ. ಆ ಕೊನೆಯ ನಿಯಮ ನನಗೆ ಬಹಳ ಹಿಡಿಸಿತು.

ಎರಡು ಕಡೆಯೂ ಹೊರಗಿಟ್ಟವರ ಪಟ್ಟಿ ಉದ್ದ ಇತ್ತು ಎಂಬುದನ್ನೂ ಹೇಳಬೇಕು. ಅಥೆನ್ಸ್‌ನಲ್ಲಿ ಹೆಂಗಸರು, ಗುಲಾಮರು, ಹೊರಗಿನಿಂದ ಬಂದು ನೆಲೆಸಿದವರು ನಾಗರಿಕರಲ್ಲ. ಉತ್ತರಮೇರೂರಿನದು ಬ್ರಾಹ್ಮಣರ ಸಭೆ. ಜಮೀನು, ಮನೆ, ವೇದದ ಓದು ಎಲ್ಲ ಇದ್ದವರಿಗೆ ಮಾತ್ರ ಅವಕಾಶ. ಅಲ್ಲಿಂದ ನಾವು ತೆಗೆದುಕೊಳ್ಳಬೇಕಾದದ್ದು ಚೀಟಿಯ ಉಪಾಯವನ್ನು ಮಾತ್ರ. ಕೊಡದಲ್ಲಿ ಯಾರ ಹೆಸರು ಇರಬೇಕು ಎಂಬುದನ್ನು ನಾವೇ ತೀರ್ಮಾನಿಸಬೇಕು.

ಒಂದು ವಿಷಯ ಚರ್ಚಿಸಿ ಸಲಹೆ ಕೊಡಲು ಸಾಮಾನ್ಯ ಜನರನ್ನು ಕೂರಿಸುವುದಕ್ಕೆ ಈಗ ನಾಗರಿಕ ಸಭೆ ಎನ್ನುತ್ತಾರೆ. ಅಲ್ಲಿ ಈ ಚೀಟಿ ಎರಡು ಹಂತದಲ್ಲಿ ನಡೆಯುತ್ತದೆ. 2020ರಲ್ಲಿ ಬ್ರಿಟನ್ನಿನ ಹವಾಮಾನ ಸಭೆಗೆ 30,000 ಮನೆಗಳಿಗೆ ಕಾಗದ ಹೋಯಿತು. ಬರುತ್ತೇವೆ ಎಂದವರು 2,000ಕ್ಕೂ ಕಡಿಮೆ. ಅವರ ಹೆಸರುಗಳಿಂದ ಕಂಪ್ಯೂಟರ್ ಮತ್ತೆ ಚೀಟಿ ಎತ್ತಿತು. ವಯಸ್ಸು, ಲಿಂಗ, ಜನಾಂಗ, ಓದು, ಊರು ಎಲ್ಲ ದೇಶದ ಜನಸಂಖ್ಯೆಯ ಹಾಗೆಯೇ ಬರುವಂತೆ ನೋಡಿಕೊಂಡರು. ಇನ್ನೊಂದು ಒಳ್ಳೆಯ ಕೆಲಸವನ್ನೂ ಮಾಡಿದರು. ಹವಾಮಾನ ಬದಲಾವಣೆ ಬಗ್ಗೆ ನಿಮಗೆ ಎಷ್ಟು ಆತಂಕ ಇದೆ ಎಂದು ಮೊದಲೇ ಕೇಳಿ, ಆತಂಕವೇ ಇಲ್ಲದವರಿಗೂ ಅವರ ಪಾಲಿನ ಕುರ್ಚಿ ಇಟ್ಟರು. ಕೊನೆಗೆ 108 ಜನ ಭಾಗವಹಿಸಿದರು. ಕೊಲರಾಡೊ ಗುಂಪುಗಳಲ್ಲಿ ಇಲ್ಲದಿದ್ದದ್ದು ಹೀಗೆ ಬೇರೆಬೇರೆ ಅಭಿಪ್ರಾಯದವರು ಒಟ್ಟಿಗೆ ಕೂರುವುದೇ.

ಈ ಎಲ್ಲ ಪ್ರಯತ್ನಗಳಲ್ಲಿ ಹೆಚ್ಚು ಮಾತಿಗೆ ಬರುವುದು ಐರ್ಲೆಂಡ್. ಅದಕ್ಕೆ ಅದು ತಕ್ಕದ್ದೂ ಹೌದು. ಸ್ವಲ್ಪ ನಿಧಾನವಾಗಿ ನೋಡೋಣ.

1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದು ಗರ್ಭಪಾತದ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿತು. ಮುಂದಿನ ಮೂವತ್ತು ವರ್ಷ ಅದೇ ಜಗಳ. ರಾಜಕಾರಣಿಗಳಿಗೆ ಅದು ಮುಟ್ಟಿದರೆ ಸುಡುವ ಕೆಂಡ. ಯಾವ ಪಕ್ಷಕ್ಕೂ ಧೈರ್ಯ ಇರಲಿಲ್ಲ. ಕೊನೆಗೆ 2016ರಲ್ಲಿ ಸಂಸತ್ತು ಆ ಕೆಂಡವನ್ನು 99 ಸಾಮಾನ್ಯ ಜನರ ಕೈಗೆ ಕೊಟ್ಟಿತು. ಅಧ್ಯಕ್ಷತೆಗೆ ನ್ಯಾಯಮೂರ್ತಿ ಮೇರಿ ಲಫಾಯ್. ಡಬ್ಲಿನ್ ಹತ್ತಿರದ ಮ್ಯಾಲಹೈಡ್ ಎಂಬಲ್ಲಿ ಒಂದು ಹೋಟೆಲ್. ಐದು ವಾರಾಂತ್ಯ.

ಅಲ್ಲಿ ಹಾಕಿದ್ದು ಗುಂಡು ಮೇಜುಗಳು. ಒಂದೊಂದರ ಸುತ್ತ ಏಳೆಂಟು ಜನ. ಮಾತುಕತೆ ನಡೆಸಿಕೊಡಲು ಒಬ್ಬರು, ಬರೆದುಕೊಳ್ಳಲು ಒಬ್ಬರು. ಪ್ರತಿ ವಾರಾಂತ್ಯ ಜಾಗ ಬದಲು, ಅದೇ ಗೆಳೆಯರ ಗುಂಪು ಕಟ್ಟಿಕೊಳ್ಳಬಾರದು ಅಂತ. ವೈದ್ಯರು, ವಕೀಲರು, ನೀತಿಶಾಸ್ತ್ರದ ಪಂಡಿತರು ಬಂದು ಹೇಳಿದ್ದನ್ನು ಕೇಳಬೇಕು. ಪರವಾದ ಸಂಘಟನೆಗಳ ಮಾತು, ವಿರುದ್ಧದವರ ಮಾತು, ಎರಡನ್ನೂ ಕೇಳಬೇಕು. ಇಂಥ ಸಂಕಟ ಹಾದುಬಂದ ಹೆಂಗಸರ ಧ್ವನಿಮುದ್ರಣಗಳನ್ನೂ ಹಾಕಿದರು. ಹೆಸರಿಲ್ಲ, ಮುಖವಿಲ್ಲ. ಬರೀ ದನಿ. ತಜ್ಞರ ಭಾಷಣವೆಲ್ಲ ಇಂಟರ್‌ನೆಟ್‌ನಲ್ಲಿ ನೇರ ಪ್ರಸಾರ. ಮೇಜಿನ ಮಾತು ಮಾತ್ರ ಮೇಜಿನವರಿಗೇ. ಕ್ಯಾಮೆರಾ ಎದುರು ಯಾರೂ "ನನಗೆ ಇದು ಅರ್ಥವಾಗಲಿಲ್ಲ" ಎನ್ನುವುದಿಲ್ಲ, "ನಾನು ಅಂದುಕೊಂಡದ್ದು ತಪ್ಪು" ಎಂದಂತೂ ಹೇಳುವುದೇ ಇಲ್ಲ.

ಮೇಜು ನಡೆಸಿಕೊಡುವವರ ಕೆಲಸ ನೋಡಲು ಸುಲಭ ಅನ್ನಿಸುತ್ತದೆ. ಹಾಗಿಲ್ಲ. ಯಾವ ಮೇಜಿನಲ್ಲೂ ಒಬ್ಬರು ಜಾಸ್ತಿ ಮಾತಾಡುತ್ತಾರೆ. ಒಬ್ಬರು ಬಾಯಿ ತೆರೆಯುವುದೇ ಇಲ್ಲ. ಓದಿಕೊಂಡವರ ಮಾತಿಗೆ ಉಳಿದವರು ಸುಮ್ನೆ ತಲೆಯಾಡಿಸುತ್ತಾರೆ. ಅದಕ್ಕೇ ಕೆಲವು ಸಣ್ಣ ಪದ್ಧತಿಗಳಿವೆ. ಪ್ರಶ್ನೆ ಬಂದ ಕೂಡಲೇ ಯಾರೂ ಮಾತಾಡಬಾರದು. ಎರಡು ನಿಮಿಷ ಎಲ್ಲರೂ ಮೌನವಾಗಿ ತಮ್ಮ ಕಾಗದದಲ್ಲಿ ಬರೆಯಬೇಕು. ಆಮೇಲೆ ಸುತ್ತಿನಲ್ಲಿ ಒಬ್ಬೊಬ್ಬರಾಗಿ ಹೇಳಬೇಕು. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ನಡುವೆ ಬರಬಾರದು. ಮೊದಲು ತನ್ನಷ್ಟಕ್ಕೆ ಯೋಚಿಸುವುದು, ಆಮೇಲೆ ಮಾತು. ಬ್ಯೂನಸ್ ಐರಿಸ್‌ನಲ್ಲಿ ಫಲ ಕೊಟ್ಟ ಕ್ರಮವೂ ಅದೇ ಅಲ್ವಾ?

2017ರ ಏಪ್ರಿಲ್‌ನಲ್ಲಿ ಸಭೆಯವರು ಗುಪ್ತ ಮತ ಹಾಕಿದರು. ನಿರ್ದಿಷ್ಟ ಅವಧಿಯೊಳಗೆ, ಕಾರಣ ಕೇಳದೆ ಗರ್ಭಪಾತಕ್ಕೆ ಅವಕಾಶ ಇರಬೇಕು ಎಂದವರು ಶೇ 64. ಇದು ಅತಿಯಾಯಿತು, ದೇಶ ಒಪ್ಪುವುದಿಲ್ಲ ಎಂದು ಎಷ್ಟೋ ರಾಜಕಾರಣಿಗಳು ಗಾಬರಿಪಟ್ಟರು. ಸಂಸತ್ತಿನ ಸಮಿತಿ ಕೂತಿತು. 2018ರ ಮೇ 25ರಂದು ಜನಮತಗಣನೆ ನಡೆಯಿತು. ಎಂಟನೇ ತಿದ್ದುಪಡಿ ತೆಗೆಯಲು ಒಪ್ಪಿದವರು ಶೇ 66.4.

99 ಜನ ಇಡೀ ದೇಶದ ಮನಸ್ಸನ್ನು ಅದರ ನಾಯಕರಿಗಿಂತ ಚೆನ್ನಾಗಿ ಹಿಡಿದಿದ್ದರು. ಆದರೆ ಇಲ್ಲಿ ಕೊನೆಯ ಮಾತು ಆ 99 ಜನರದ್ದಾಗಿರಲಿಲ್ಲ ಎಂಬುದು ನನಗೆ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಅವರು ದಾರಿ ತೋರಿಸಿದರು. ಸಂಸತ್ತು ಅದನ್ನು ಎತ್ತಿಕೊಂಡಿತು. ಜನರೆಲ್ಲ ಮತ ಹಾಕಿದರು. ಮೂರೂ ಕೊಂಡಿ ಕೂಡಿದ್ದರಿಂದ ಸರಪಳಿ ಎಳೆಯಿತು. 2015ರಲ್ಲಿ ಸಲಿಂಗ ವಿವಾಹಕ್ಕೆ ಶೇ 62ರಷ್ಟು ಜನ ಒಪ್ಪಿಗೆ ಕೊಟ್ಟಾಗಲೂ ಹಾಗೆಯೇ ಆಗಿತ್ತು. ಅದಕ್ಕೆ ಮುಂಚೆ 66 ನಾಗರಿಕರು, 33 ರಾಜಕಾರಣಿಗಳು ಮತ್ತು ಒಬ್ಬ ಅಧ್ಯಕ್ಷರಿದ್ದ ಸಭೆ ಅದನ್ನು ಚರ್ಚಿಸಿ ಶಿಫಾರಸು ಮಾಡಿತ್ತು.

ಐರ್ಲೆಂಡಿನಲ್ಲೂ ಎಲ್ಲ ನೆಟ್ಟಗೆ ನಡೆಯಲಿಲ್ಲ. 2018ರ ಆರಂಭದಲ್ಲಿ ಒಂದು ವಿಷಯ ಬಯಲಾಯಿತು. ಬಿಟ್ಟುಹೋದವರ ಜಾಗಕ್ಕೆ ಹೊಸಬರನ್ನು ಹುಡುಕುವ ಕೆಲಸದಲ್ಲಿದ್ದ ಒಬ್ಬರು ನಿಯಮ ಬಿಟ್ಟು, ಪರಿಚಯದವರ ಮೂಲಕ ಫೋನ್ ಮಾಡಿ ಏಳು ಜನರನ್ನು ಸೇರಿಸಿದ್ದರು. ಗರ್ಭಪಾತದ ಮತ ಅಷ್ಟರಲ್ಲಿ ಮುಗಿದಿತ್ತು. ಏಳೂ ಜನರನ್ನು ಕೈಬಿಟ್ಟರು. ಸಭೆಯ ಬಲವೆಲ್ಲ ಚೀಟಿಯ ಪ್ರಾಮಾಣಿಕತೆಯಲ್ಲಿದೆ. ಅಲ್ಲಿ ಒಂದು ಬಿರುಕು ಬಿಟ್ಟರೆ ಉಳಿದದ್ದೆಲ್ಲ ಅನುಮಾನಕ್ಕೆ ಗುರಿ.

2024ರ ಮಾರ್ಚ್‌ನಲ್ಲಿ ಇನ್ನೂ ದೊಡ್ಡ ಪೆಟ್ಟು ಬಿತ್ತು. ಹೆಂಗಸರ ಜಾಗ ಮನೆಯಲ್ಲಿ ಎಂಬ ಧಾಟಿಯ ಹಳೆಯ ಸಾಲುಗಳು ಐರ್ಲೆಂಡಿನ ಸಂವಿಧಾನದಲ್ಲಿವೆ. ಅವನ್ನು ತೆಗೆದು, ಆರೈಕೆ ಮಾಡುವವರಿಗೆ ಬೆಂಬಲ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿ ಎಂದು ಇನ್ನೊಂದು ನಾಗರಿಕ ಸಭೆ ಹೇಳಿತ್ತು. ಸರ್ಕಾರ ಜನರ ಮುಂದಿಟ್ಟ ಸಾಲಿನಲ್ಲಿ ಹೊಣೆ ಸಡಿಲವಾಗಿತ್ತು. ಬೆಂಬಲಿಸಲು "ಶ್ರಮಿಸುತ್ತದೆ" ಎಂದಿತ್ತು, ಅಷ್ಟೇ. ಸುಮಾರು ಶೇ 74 ಜನ ಬೇಡ ಎಂದರು. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೂ ಸಭೆ ಹೇಳಿದ್ದು ಒಂದು, ಮತಪತ್ರದಲ್ಲಿ ಬಂದದ್ದು ಇನ್ನೊಂದು ಎಂಬುದನ್ನು ಮರೆತು "ನಾಗರಿಕ ಸಭೆ ಸೋತಿತು" ಎಂದು ಬರೆಯುವುದು ಸರಿಯಲ್ಲ.

ಈಗ ಉತ್ತರ ಕೊಡುವ ಕರ್ತವ್ಯದ ವಿಷಯಕ್ಕೆ ಬರುತ್ತೇನೆ. ಫ್ರಾನ್ಸ್ ಮತ್ತು ದಕ್ಷಿಣ ಕೊರಿಯಾವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಫ್ರಾನ್ಸಿನಲ್ಲಿ 2018ರ ಕೊನೆಗೆ ಇಂಧನ ತೆರಿಗೆ ವಿರುದ್ಧ ಹಳದಿ ಜಾಕೆಟ್ ತೊಟ್ಟವರು ಬೀದಿಗಿಳಿದರು. ತಿಂಗಳುಗಟ್ಟಲೆ ದೇಶ ಕುದಿಯಿತು. ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರಾನ್ ಒಂದು ದಾರಿ ಹುಡುಕಿದರು. ಚೀಟಿಯಿಂದ 150 ಜನರನ್ನು ಆರಿಸಿದರು. ಸಾಮಾಜಿಕ ನ್ಯಾಯಕ್ಕೆ ಧಕ್ಕೆ ಬಾರದ ಹಾಗೆ, 1990ಕ್ಕೆ ಹೋಲಿಸಿದರೆ 2030ರೊಳಗೆ ಹಸಿರುಮನೆ ಅನಿಲಗಳನ್ನು ಕನಿಷ್ಠ ಶೇ 40ರಷ್ಟು ಇಳಿಸುವುದು ಹೇಗೆ ಹೇಳಿ ಎಂದರು. ನೀವು ಹೇಳಿದ್ದನ್ನು ಸೋಸದೆ ಮುಂದಕ್ಕೆ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಅವರು 2019ರ ಅಕ್ಟೋಬರ್‌ನಿಂದ 2020ರ ಜೂನ್ ತನಕ ಕೆಲಸ ಮಾಡಿದರು. ನ್ಯಾಯಾಲಯಗಳಲ್ಲಿ ತೀರ್ಪು ಹೇಳಲು ಕೂರುವ ಸಾಮಾನ್ಯ ಜನರಿಗೆ, ಅಂದರೆ ಜ್ಯೂರಿಗಳಿಗೆ, ಕೊಡುವಂಥದ್ದೇ ಭತ್ಯೆ ಇತ್ತು. ಹಾಗಾಗಿ ದಿನಗೂಲಿಯವರೂ ಬರಲು ಸಾಧ್ಯವಾಯಿತು. ನಡುವೆ ಕೋವಿಡ್. ಕೊನೆಗೆ 149 ಸಲಹೆಗಳನ್ನು ಕೈಗಿಟ್ಟರು.

ಕೆಲವೇ ದಿನಗಳಲ್ಲಿ ಮ್ಯಾಕ್ರಾನ್ ಮೂರನ್ನು ಪಕ್ಕಕ್ಕಿಟ್ಟರು. ಹೆದ್ದಾರಿಯಲ್ಲಿ ವೇಗದ ಮಿತಿ ಇಳಿಸಬೇಕು ಎಂಬುದು ಅದರಲ್ಲೊಂದು. ಆಮೇಲೆ ಮಂತ್ರಿಗಳ ಕಚೇರಿಗಳಲ್ಲಿ, ಸಂಸತ್ತಿನಲ್ಲಿ, ಉದ್ಯಮಗಳ ಒತ್ತಡದಲ್ಲಿ ಉಳಿದವೂ ಒಂದೊಂದಾಗಿ ತೆಳುವಾದವು. 2021ರ ಫೆಬ್ರವರಿಯಲ್ಲಿ ಆ ನಾಗರಿಕರು ಕೊನೆಯ ಸಲ ಸೇರಿ ಸರ್ಕಾರಕ್ಕೆ ಅಂಕ ಕೊಟ್ಟರು. ನಮ್ಮ ಸಲಹೆಗಳನ್ನು ಸರ್ಕಾರ ಹೇಗೆ ತೆಗೆದುಕೊಂಡಿತು ಎಂಬುದಕ್ಕೆ ಹತ್ತಕ್ಕೆ 3.3.

ಆ ಅಂಕ ನನ್ನನ್ನು ಬಹಳ ಕಾಡುತ್ತದೆ. ಮೊದಲೇ ಸರ್ಕಾರದ ಮೇಲೆ ಸಿಟ್ಟಿದ್ದವರು ಕೊಟ್ಟ ಅಂಕ ಆಗಿದ್ದರೆ ಪರವಾಗಿಲ್ಲ. ಇವರು ನಂಬಿ ಬಂದವರು. ತಿಂಗಳುಗಟ್ಟಲೆ ವಾರಾಂತ್ಯ ಬಿಟ್ಟುಕೊಟ್ಟು, ಕಾರ್ಬನ್ ಲೆಕ್ಕದಿಂದ ಹಿಡಿದು ಮನೆಗಳ ಗೋಡೆಗೆ ಶಾಖ ತಡೆಯುವ ಹೊದಿಕೆ ಹಾಕುವ ತನಕ ಎಲ್ಲ ಕಲಿತವರು. ಕರೆಯದೆ ಇದ್ದಿದ್ದರೆ ಅವರು ಉದಾಸೀನರಾಗಿ ಇರುತ್ತಿದ್ದರು. ಕರೆದು, ಕೇಳಿ, ಕೈಬಿಟ್ಟದ್ದರಿಂದ ಮೊದಲಿಗಿಂತ ದೂರ ಹೋದರು.

ದಕ್ಷಿಣ ಕೊರಿಯಾದ ಕಥೆ ಬೇರೆ. 2017ರಲ್ಲಿ ಅಧ್ಯಕ್ಷರಾದ ಮೂನ್ ಜೇ-ಇನ್ ಅಣುವಿದ್ಯುತ್ತಿನ ವಿರೋಧಿ. ಶಿನ್ ಗೋರಿಯಲ್ಲಿ ಕಟ್ಟುತ್ತಿದ್ದ ಐದು ಮತ್ತು ಆರನೇ ಸ್ಥಾವರಗಳನ್ನು ನಿಲ್ಲಿಸುತ್ತೇನೆ ಎಂದು ಚುನಾವಣೆಯಲ್ಲಿ ಹೇಳಿದ್ದರು. ಅಷ್ಟರಲ್ಲಾಗಲೇ ಕಾಲುಭಾಗಕ್ಕೂ ಜಾಸ್ತಿ ಕೆಲಸ ಆಗಿತ್ತು. ಅವರು ಕೆಲಸಕ್ಕೆ ತಾತ್ಕಾಲಿಕ ತಡೆ ಹಾಕಿ ಪ್ರಶ್ನೆಯನ್ನು ನಾಗರಿಕರಿಗೆ ಒಪ್ಪಿಸಿದರು. ಮೊದಲ ಸಮೀಕ್ಷೆಯಲ್ಲಿ ಮುಂದುವರಿಸಿ ಎಂದವರು ಶೇ 36.6, ನಿಲ್ಲಿಸಿ ಎಂದವರು ಶೇ 27.6, ಇನ್ನೂ ತೀರ್ಮಾನಿಸಿಲ್ಲ ಎಂದವರು ಶೇ 35.8. ಕೊನೆಗೆ ಉಳಿದ 471 ಜನ ಪರ ವಿರೋಧ ಎರಡನ್ನೂ ಓದಿ, ಮೂರು ದಿನ ಒಟ್ಟಿಗೆ ಇದ್ದು ಚರ್ಚಿಸಿದರು. ಆಗ ಮುಂದುವರಿಸಿ ಎಂದವರು ಶೇ 59.5. ಜೊತೆಗೇ ಇನ್ನೊಂದು ಮಾತನ್ನೂ ಅರ್ಧಕ್ಕಿಂತ ಜಾಸ್ತಿ ಜನ ಹೇಳಿದರು: ಮುಂದಕ್ಕೆ ಒಟ್ಟಾರೆ ಅಣುವಿದ್ಯುತ್ತನ್ನು ಕಡಿಮೆ ಮಾಡುತ್ತಾ ಹೋಗಿ.

ಹೌದು, ಇಲ್ಲ ಎಂದು ಎರಡೇ ಗುಂಡಿ ಇರುವ ಮತಯಂತ್ರದಿಂದ ಇಂಥ ಉತ್ತರ ಬರುವುದಿಲ್ಲ. ಕಟ್ಟಿದ್ದನ್ನು ಮುಗಿಸಿ, ಹೊಸದಕ್ಕೆ ಆತುರಪಡಬೇಡಿ. ಮನೆಯಲ್ಲಿ ಹಿರಿಯರು ಕೊಡುವಂಥ ತೀರ್ಮಾನ ಅದು. ಮೂನ್ ಅವರಿಗೆ ಅದು ತಮ್ಮ ಭರವಸೆಗೆ ವಿರುದ್ಧ. ಆದರೂ ಒಪ್ಪಿಕೊಂಡರು. ಕೆಲಸ ಮತ್ತೆ ಶುರುವಾಯಿತು. ಅಣುವಿದ್ಯುತ್ ಬೇಕೆ ಬೇಡವೆ ಎಂಬುದರ ಬಗ್ಗೆ ನಮ್ಮ ನಮ್ಮ ಅಭಿಪ್ರಾಯ ಏನೇ ಇರಲಿ, ಅಧಿಕಾರದಲ್ಲಿ ಇರುವವರು ತಮಗೆ ಬೇಡವಾದ ಉತ್ತರವನ್ನು ತೆಗೆದುಕೊಂಡ ರೀತಿ ಅದು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂರನೆಯ ಬಗೆಯ ಅಂತ್ಯ. 2004ರಲ್ಲಿ 160 ನಾಗರಿಕರು ಚುನಾವಣಾ ಪದ್ಧತಿಯನ್ನೇ ಬದಲಿಸಲು ಶಿಫಾರಸು ಮಾಡಿದರು. 2005ರ ಜನಮತಗಣನೆಯಲ್ಲಿ ಶೇ 57.7 ಜನ ಒಪ್ಪಿದರು. ಬೇಕಿದ್ದದ್ದು ಶೇ 60. ಅಲ್ಲಿಗೆ ಬಿದ್ದುಹೋಯಿತು. ಐಸ್‌ಲೆಂಡ್‌ನಲ್ಲಿ 2012ರಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ನಾಗರಿಕರ ಮಂಡಳಿ ಬರೆದ ಸಂವಿಧಾನದ ಕರಡಿಗೆ ಒಪ್ಪಿಗೆ ಕೊಟ್ಟರು. ಸಂಸತ್ತು ಅದನ್ನು ಕಾನೂನು ಮಾಡಲೇ ಇಲ್ಲ.

ಇಷ್ಟು ಓದಿದ ಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ: ನಾನು ಮತ ಹಾಕದ ಈ 99 ಜನ, 150 ಜನ ನನ್ನ ಪರವಾಗಿ ತೀರ್ಮಾನಿಸಲು ಯಾರು? ಇದು ಸರಿಯಾದ ಪ್ರಶ್ನೆ. ಚುನಾಯಿತರನ್ನು ಮುಂದಿನ ಸಲ ಸೋಲಿಸಬಹುದು. ಚೀಟಿಯಿಂದ ಬಂದವರನ್ನು ಸೋಲಿಸುವುದು ಹೇಗೆ? ಅದಕ್ಕೇ ನಾಗರಿಕ ಸಭೆ ಸಂಸತ್ತಿನ ಜಾಗಕ್ಕೆ ಬರಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಸಂಸತ್ತಿನ ಪಕ್ಕದಲ್ಲಿ ಅದಕ್ಕೊಂದು ಜಾಗ ಬೇಕು. ಮತ ಕಳೆದುಕೊಳ್ಳುವ ಭಯ ಅವರಿಗಿಲ್ಲ ಎಂಬುದು ದೋಷವೂ ಹೌದು, ಗುಣವೂ ಹೌದು. ಮುಂದಿನ ಚುನಾವಣೆ ಆಚೆಗೆ ನೋಡಲು ಬಿಡುವಿರುವವರು ಅವರೇ.

ಸಾಮಾನ್ಯರಿಗೆ ಇಷ್ಟು ಕಷ್ಟದ ವಿಷಯ ತಿಳಿಯುತ್ತದೆಯೇ ಎಂಬ ಇನ್ನೊಂದು ಅನುಮಾನಕ್ಕೆ ಉತ್ತರ ಸುಲಭ. 1996ರಿಂದ ಎರಡು ಮೂರು ವರ್ಷ ಅಮೆರಿಕದ ಟೆಕ್ಸಾಸ್‌ನ ವಿದ್ಯುತ್ ಕಂಪನಿಗಳು ಗ್ರಾಹಕರನ್ನು ಹೀಗೇ ಕೂರಿಸಿ ಚರ್ಚೆ ಮಾಡಿಸಿದವು. ಗಾಳಿ, ಬಿಸಿಲಿನಂಥ ಮೂಲಗಳಿಗೆ ಸ್ವಲ್ಪ ಜಾಸ್ತಿ ಹಣ ಕೊಡಲು ಸಿದ್ಧ ಎಂದವರು ಮೊದಲು ಶೇ 52. ವಿಷಯ ತಿಳಿದು ಮಾತಾಡಿದ ಮೇಲೆ ಶೇ 84. ಮುಂದೆ ಅಮೆರಿಕದಲ್ಲಿ ಗಾಳಿ ವಿದ್ಯುತ್ತಿಗೆ ಟೆಕ್ಸಾಸ್ ಮೊದಲಾಯಿತು. ಸಮೀಕ್ಷೆಗಳು ಕೇಳುವುದು ಜನ ಯೋಚಿಸುವ ಮುಂಚಿನ ಅಭಿಪ್ರಾಯ. ಅದನ್ನೇ ಜನಮತ ಎಂದು ಹೊತ್ತು ತಿರುಗುತ್ತೇವೆ.

ದೊಡ್ಡ ಸಂಖ್ಯೆಯ ಜನರನ್ನು ಮೇಜಿನ ಸುತ್ತ ಕೂರಿಸಲು ಆಗುವುದಿಲ್ಲ. ಅದಕ್ಕೆ ತೈವಾನ್ ಇಂಟರ್‌ನೆಟ್ಟಿನಲ್ಲೇ ಒಂದು ದಾರಿ ಮಾಡಿತು. 2014ರಲ್ಲಿ ವಿದ್ಯಾರ್ಥಿಗಳು ಸಂಸತ್ತಿನೊಳಗೇ ಧರಣಿ ಕೂತ ಸೂರ್ಯಕಾಂತಿ ಚಳವಳಿ ಆದ ಮೇಲೆ ವಿ-ತೈವಾನ್ ಎಂಬ ವೇದಿಕೆ ಹುಟ್ಟಿತು. 2015ರಲ್ಲಿ ಊಬರ್ ಟ್ಯಾಕ್ಸಿಯ ಜಗಳವನ್ನು ಅಲ್ಲಿಗೆ ತಂದರು. ಬಳಸಿದ ತಂತ್ರಾಂಶ ಪೋಲಿಸ್ ಎಂಬುದು. (ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ.) ಅದರಲ್ಲಿ ಒಬ್ಬರು ಒಂದು ಸಾಲು ಬರೆಯುತ್ತಾರೆ. ಉಳಿದವರು ಒಪ್ಪುತ್ತೇನೆ, ಒಪ್ಪುವುದಿಲ್ಲ, ಗೊತ್ತಿಲ್ಲ ಎಂದು ಒತ್ತುತ್ತಾರೆ. ಉತ್ತರ ಬರೆಯುವ ಗುಂಡಿಯೇ ಇಲ್ಲ. ಹಾಗಾಗಿ ಬೈಗುಳಕ್ಕೆ ಜಾಗವಿಲ್ಲ. ಯಾರು ಯಾರ ಹಾಗೆ ಯೋಚಿಸುತ್ತಾರೆ ಎಂಬ ನಕ್ಷೆ ತಾನಾಗಿ ಮೂಡುತ್ತದೆ. ಮೇಲಕ್ಕೆ ಬರುವುದು ಜಗಳ ಹಚ್ಚುವ ಮಾತಲ್ಲ, ಎರಡೂ ಗುಂಪು ಒಪ್ಪಿದ ಮಾತು. ವಿಮೆ ಬೇಕು, ನೋಂದಣಿ ಬೇಕು, ತೆರಿಗೆ ಕಟ್ಟಬೇಕು ಎಂಬಲ್ಲಿ ಟ್ಯಾಕ್ಸಿಯವರೂ ಊಬರ್ ಪರದವರೂ ಕೂಡಿದರು. ನಿಯಮ ಬದಲಾಯಿತು.

ಆದರೆ ಯಾವ ವಿಷಯವನ್ನು ಆ ವೇದಿಕೆಗೆ ಒಪ್ಪಿಸಬೇಕು, ಬಂದ ಉತ್ತರವನ್ನು ಏನು ಮಾಡಬೇಕು ಎಂಬುದು ಸರ್ಕಾರದ ಇಷ್ಟಕ್ಕೇ ಉಳಿಯಿತು. ಕೆಲವು ವರ್ಷಗಳಲ್ಲಿ ವೇದಿಕೆ ಸೊರಗಿತು. ಈಗ ಕೃತಕ ಬುದ್ಧಿಮತ್ತೆಯ ಸರದಿ. 2024ರಲ್ಲಿ ಗೂಗಲ್ ಡೀಪ್‌ಮೈಂಡ್ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಗುಂಪಿನ ಎಲ್ಲರ ಮಾತನ್ನು ಕೂಡಿಸಿ ಯಂತ್ರ ಬರೆದ ಹೇಳಿಕೆಯನ್ನು ಜನ ಮನುಷ್ಯ ಮಧ್ಯಸ್ಥರು ಬರೆದದ್ದಕ್ಕಿಂತ ಜಾಸ್ತಿ ಮೆಚ್ಚಿದ್ದರು. ಸಾರಾಂಶ ಬರೆಯಲು ಯಂತ್ರದ ಸಹಾಯ ತೆಗೆದುಕೊಳ್ಳಬಹುದು, ನನಗೆ ಅಡ್ಡಿಯಿಲ್ಲ. ಆದರೆ ಪ್ರಶ್ನೆ ಬರೆಯುವವರು ಯಾರು? ಪ್ರಶ್ನೆ ಬರೆಯುವವರ ಕೈಯಲ್ಲಿ ಅರ್ಧ ಉತ್ತರ ಇರುತ್ತದೆ. ಇದುವರೆಗೆ ಹೇಳಿದ ಎಲ್ಲ ಸಭೆಗಳಲ್ಲೂ ಪ್ರಶ್ನೆ ಮೇಲಿನಿಂದಲೇ ಬಂದದ್ದು.

ಅದನ್ನು ಬದಲಿಸಿದ್ದು ಒಂದು ಪುಟ್ಟ ಜಾಗ. ಬೆಲ್ಜಿಯಂನ ಪೂರ್ವದ ಅಂಚಿನಲ್ಲಿ ಜರ್ಮನ್ ಮಾತಾಡುವ 80,000ಕ್ಕೂ ಕಡಿಮೆ ಜನರ ಪ್ರದೇಶವಿದೆ. ಅದಕ್ಕೆ ತನ್ನದೇ ಸಂಸತ್ತು ಇದೆ. 2019ರ ಫೆಬ್ರವರಿಯಲ್ಲಿ ಆ ಸಂಸತ್ತು ಎಲ್ಲ ಪಕ್ಷಗಳ ಒಪ್ಪಿಗೆಯಿಂದ ಒಂದು ಕಾನೂನು ಮಾಡಿತು. ಅದರ ಪ್ರಕಾರ 24 ಜನರ ಕಾಯಂ ನಾಗರಿಕ ಮಂಡಳಿ ಇರುತ್ತದೆ. ಹಿಂದಿನ ನಾಗರಿಕ ಸಭೆಗಳಲ್ಲಿ ಕೂತವರಿಂದ ಚೀಟಿ ಎತ್ತಿ ಆರಿಸಿದವರು ಇವರು. ಒಬ್ಬೊಬ್ಬರಿಗೆ ಒಂದೂವರೆ ವರ್ಷ. ಆರು ತಿಂಗಳಿಗೊಮ್ಮೆ ಮೂರರಲ್ಲಿ ಒಂದು ಪಾಲು ಬದಲು. ಯಾವ ವಿಷಯ ಚರ್ಚೆಗೆ ಬರಬೇಕು ಎಂದು ತೀರ್ಮಾನಿಸುವುದು ಈ ಮಂಡಳಿ. ಆಮೇಲೆ 25ರಿಂದ 50 ಜನರ ಸಭೆಯನ್ನು ಬೇರೆ ಚೀಟಿಯಿಂದ ಕೂರಿಸುತ್ತಾರೆ. ಪ್ರಶ್ನೆ ಕೇಳುವವರೂ ನಾಗರಿಕರೇ, ಯೋಚಿಸುವವರೂ ನಾಗರಿಕರೇ. ಇಬ್ಬರೂ ಬೇರೆಬೇರೆ.

ಮೊದಲು ಎತ್ತಿಕೊಂಡ ವಿಷಯ ಆರೈಕೆ: ಆರೈಕೆ ಮಾಡುವವರ ಕೆಲಸದ ಸ್ಥಿತಿಗತಿ, ಆರೈಕೆ ಬೇಕಾದವರ ಪಾಡು. 2020ರ ಮಾರ್ಚ್‌ನಲ್ಲಿ ಸಭೆ ಶುರುವಾಯಿತು. ಆ ತಿಂಗಳೇ ಕೋವಿಡ್ ಬಂದು ನಿಂತಿತು. ಆಮೇಲೆ ಮತ್ತೆ ಸೇರಿ ಮುಗಿಸಿದರು.

ಸಲಹೆ ಕೈಗೆ ಬಂದ ಮೇಲೆ ಏನಾಗಬೇಕು ಎಂಬುದೂ ಅಲ್ಲಿನ ಕ್ರಮದಲ್ಲೇ ಸೇರಿದೆ. ಸಂಸತ್ತಿನ ಸಮಿತಿ ಆ ನಾಗರಿಕರನ್ನು ಕರೆಸಿ, ಎಲ್ಲರಿಗೂ ಕಾಣುವಂತೆ ಚರ್ಚಿಸಬೇಕು. ಯಾವುದನ್ನು ಮಾಡುತ್ತೇವೆ, ಯಾವುದನ್ನು ಮಾಡುವುದಿಲ್ಲ ಎಂದು ಸಂಸತ್ತು ಮತ್ತು ಮಂತ್ರಿಗಳು ಹೇಳಬೇಕು. ಮಾಡುವುದಿಲ್ಲ ಎಂದರೆ ಕಾರಣ ಕೊಡಬೇಕು. ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಮತ್ತೊಂದು ಸಭೆ ಇದೆ. ಚೀಟಿಯಲ್ಲಿ ಹೆಸರು ಬಂದು ಕೂತಿದ್ದ ಅದೇ ಜನ ಆ ದಿನ ತಮ್ಮ ಸಲಹೆಗಳ ಪಟ್ಟಿ ಹಿಡಿದುಕೊಂಡು ಸಂಸತ್ತಿಗೆ ಮತ್ತೆ ಬರುತ್ತಾರೆ. ಮಂತ್ರಿಗಳು ಎದುರಿಗೆ ಕೂತಿರುತ್ತಾರೆ. ಮೊದಲ ಸಲಹೆಯಿಂದ ಶುರುಮಾಡಿ ಒಂದೊಂದಕ್ಕೂ ಕೇಳುತ್ತಾ ಹೋಗುತ್ತಾರೆ: ಇದು ಏನಾಯಿತು?